ಅಜೈಲ್ ಅನ್ನು ಕೈಯಾರೆ ಮಾಡಿಸಿ ಕಲಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಸಾಫ್ಟ್‌ವೇರ್ ಎಂಜಿನಿಯರಿಂಗ್ ಕಲಿಸುತ್ತೇನೆ. ಅಜೈಲ್ ಅಂದರೆ ಸಾಫ್ಟ್‌ವೇರನ್ನು ಚಿಕ್ಕ ಚಿಕ್ಕದಾಗಿ ಮುಗಿಸಿ, ಬಳಸುವವರಿಗೆ ತೋರಿಸಿ, ತಿದ್ದಿಕೊಳ್ಳುತ್ತಾ ಹೋಗುವ ವಿಧಾನ. 2001ರ ಅಜೈಲ್ ಮ್ಯಾನಿಫೆಸ್ಟೊದ 4 ಮೌಲ್ಯ, 12 ತತ್ವ ಎಲ್ಲರಿಗೂ ಬಾಯಿಪಾಠ. ಪ್ರಾಜೆಕ್ಟ್ ಶುರುವಾದ ಮೇಲೆ ಕಥೆಯೇ ಬೇರೆ. ಮೊದಲ ಸ್ಪ್ರಿಂಟ್ (ಚಿಕ್ಕ, ನಿಗದಿತ ಅವಧಿಯ ಕೆಲಸದ ಸುತ್ತು) ಪೂರ್ತಿ ಡೇಟಾಬೇಸ್, ಎರಡನೆಯದು ಸರ್ವರ್ ಕೋಡ್, ಕೊನೆಯದು ಸ್ಕ್ರೀನುಗಳು. ಹೆಸರಿಗೆ ಸ್ಪ್ರಿಂಟ್, ಮಾಡುವುದು ವಾಟರ್‌ಫಾಲ್, ಅಂದರೆ ಒಂದು ಹಂತ ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಗುವ ವಿಧಾನ. ಕೆಲಸಗಳನ್ನು ಬರೆದಿಟ್ಟ ಬೋರ್ಡಿನ ಕಾರ್ಡುಗಳೆಲ್ಲ ರಿವ್ಯೂ (ಸ್ಪ್ರಿಂಟ್ ಕೊನೆಯಲ್ಲಿ ಕೆಲಸ ತೋರಿಸುವ ಸಭೆ) ಹಿಂದಿನ ರಾತ್ರಿ ಒಟ್ಟಿಗೆ ‘ಮುಗಿದಿದೆ’ ಕಾಲಮ್ಮಿಗೆ ಹಾರುತ್ತವೆ. ಅವರೇನೂ ಸೋಮಾರಿಗಳಲ್ಲ, ಕೋಡ್ ಚೆನ್ನಾಗಿಯೇ ಬರೆಯುತ್ತಾರೆ. ಲ್ಯಾಬಿನಲ್ಲಿ ಏನು ಮಾಡಿಸಿದರೆ ಇದು ತಲೆಗೆ ಹೋಗುತ್ತದೆ?

ಉತ್ತರ 1

ನಾನು ಮೊದಲು ಕಂಪನಿಯಲ್ಲಿ ಸ್ಕ್ರಮ್ ಮಾಸ್ಟರ್ (ಅಜೈಲ್‌ನ ಒಂದು ಪದ್ಧತಿಯಾದ ಸ್ಕ್ರಮ್ ಅನ್ನು ತಂಡ ಸರಿಯಾಗಿ ನಡೆಸಲು ನೆರವಾಗುವವರು) ಆಗಿದ್ದೆ, ಈಗ ಪಾಠ ಮಾಡುತ್ತೇನೆ. ನೀವು ಹೇಳಿದ್ದು ನನಗೆ ತುಂಬಾ ಹತ್ತಿರದ ವಿಷಯ.

ಮೊದಲ ದಿನ ಕಂಪ್ಯೂಟರ್ ಆನ್ ಮಾಡಿಸಬೇಡಿ. ನಾಣ್ಯದ ಆಟ ಆಡಿಸಿ. ನಾಲ್ಕು ಜನ ಸಾಲಾಗಿ ಕೂರಲಿ, 20 ನಾಣ್ಯ ಕೊಡಿ. ಪ್ರತಿಯೊಬ್ಬರೂ ಎಲ್ಲ ನಾಣ್ಯಗಳನ್ನು ಒಂದೊಂದಾಗಿ ಮಗುಚಿ ಪಕ್ಕದವರಿಗೆ ದಾಟಿಸಬೇಕು. ಒಂದು ನಾಣ್ಯಕ್ಕೆ ಒಂದು ಸೆಕೆಂಡ್ ಅಂದುಕೊಳ್ಳಿ. 20ನ್ನೂ ಮಗುಚಿ ಆದ ಮೇಲೆಯೇ ದಾಟಿಸಿದರೆ ಆಟ ಮುಗಿಯಲು 80 ಸೆಕೆಂಡ್ ಬೇಕು. ಐದೈದಾಗಿ ದಾಟಿಸಿದರೆ 35. ಒಂದೊಂದೇ ದಾಟಿಸಿದರೆ 23. ಯಾರ ಕೈಯೂ ಮೊದಲಿಗಿಂತ ಜೋರಾಗಿ ಓಡಿಲ್ಲ, ಅಲ್ವಾ? ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗ್ರಾಹಕನ ಕೈಗೆ ಮೊದಲ ನಾಣ್ಯ ಸಿಗುವುದು ಮೊದಲ ಸಲ 80ನೇ ಸೆಕೆಂಡಿಗೆ, ಕೊನೆಯ ಸಲ 4ನೇ ಸೆಕೆಂಡಿಗೆ. ಈ ಎರಡು ಅಂಕಿಗಳನ್ನು ವಿದ್ಯಾರ್ಥಿಗಳೇ ಬೋರ್ಡಿನ ಮೇಲೆ ಬರೆಯಲಿ. ಆಮೇಲೆ ಕೇಳಿ: ನಾಣ್ಯವೇ ತಪ್ಪು ಅಂತ ಗ್ರಾಹಕ ಹೇಳಿದರೆ, ಯಾವಾಗ ಗೊತ್ತಾದರೆ ಒಳ್ಳೆಯದು?

ಇನ್ನು ಪ್ರಾಜೆಕ್ಟ್. ಡೇಟಾಬೇಸ್, ಸರ್ವರ್, ಸ್ಕ್ರೀನ್ ಅಂತ ಪದರ ಪದರವಾಗಿ ಕೆಲಸ ಹಂಚಲು ಬಿಡಬೇಡಿ. ಗ್ರಂಥಾಲಯದ ಆ್ಯಪ್ ಆದರೆ ಮೊದಲ ಸ್ಪ್ರಿಂಟಿಗೆ ಒಂದೇ ಕಥೆ (ಬಳಸುವವರು ಏನು ಮಾಡಬಹುದು ಅನ್ನುವ ಒಂದು ಸಾಲು) ಸಾಕು: ಓದುಗ ಪುಸ್ತಕ ಹುಡುಕಿ ಕಾಯ್ದಿರಿಸಬಹುದು. ಲಾಗಿನ್ ಬೇಡ. ಸ್ಕ್ರೀನ್ ಕುರೂಪವಾಗಿದ್ದರೂ ಪರವಾಗಿಲ್ಲ. ಆದರೆ ಮೂರೂ ಪದರ ದಾಟಿ ಕೆಲಸ ಮಾಡಬೇಕು, ಹೊರಗಿನವರೊಬ್ಬರು ಕೂತು ಬಳಸಿ ನೋಡಬೇಕು. ಸ್ಪ್ರಿಂಟ್ ಒಂದೇ ವಾರ ಇರಲಿ. ಸ್ಕ್ರಮ್ ಹೇಗೆ ನಡೆಸಬೇಕು ಅಂತ ಹೇಳುವ ಸ್ಕ್ರಮ್ ಗೈಡ್ ಒಂದು ತಿಂಗಳವರೆಗೂ ಬಿಡುತ್ತದೆ, ಆದರೆ ಒಂದು ಸೆಮಿಸ್ಟರ್‌ನಲ್ಲಿ ತಿಂಗಳಿಗೊಂದು ಸ್ಪ್ರಿಂಟ್ ಅಂದರೆ ತಿದ್ದಿಕೊಳ್ಳಲು ಅವಕಾಶವೇ ಉಳಿಯುವುದಿಲ್ಲ.

ಎರಡನೇ ರಿವ್ಯೂನಲ್ಲಿ ಬೇಡಿಕೆ ಬದಲಿಸಿ. ದಂಡದ ಲೆಕ್ಕ ಈಗ ಬೇಡ, ಒಂದೇ ಪುಸ್ತಕಕ್ಕೆ ಹಲವರು ಕಾದಿದ್ದರೆ ಸರದಿ ಪಟ್ಟಿ ಬೇಕು ಅನ್ನಿ. ದಂಡ, ರಸೀದಿ, ಇಮೇಲ್ ಎಲ್ಲವನ್ನೂ ಅರ್ಧರ್ಧ ಕಟ್ಟಿಟ್ಟ ತಂಡಕ್ಕೆ ಅವತ್ತು ನೋವಾಗುತ್ತದೆ. ಚಿಕ್ಕದಾಗಿ ಮುಗಿಸುತ್ತಾ ಬಂದ ತಂಡ ಬ್ಯಾಕ್‌ಲಾಗ್ (ಮಾಡಬೇಕಾದ ಕೆಲಸಗಳ ಪಟ್ಟಿ) ಮೇಲೆ ಕೆಳಗೆ ಮಾಡಿ ಮುಂದೆ ಹೋಗುತ್ತದೆ. ನಾನು ಎಷ್ಟು ಸ್ಲೈಡ್ ತೋರಿಸಿದರೂ ಆಗದ್ದು ಅವತ್ತು ಒಂದು ಗಂಟೆಯಲ್ಲಿ ಆಗುತ್ತದೆ. ಆದರೆ ಸ್ಪ್ರಿಂಟ್ ನಡುವೆ ಬದಲಿಸಬೇಡಿ, ಅದು ಅನ್ಯಾಯ.

ಉತ್ತರ 2

ನಾನು ಇತ್ತೀಚೆಗೆ ಓದು ಮುಗಿಸಿದವಳು. ಮೇಲಿನವರು ಮಾರ್ಕ್ಸ್ ಬಗ್ಗೆ ಹೇಳಲಿಲ್ಲ, ನಮಗೆ ಅದೇ ದೊಡ್ಡ ವಿಷಯ. ದಯವಿಟ್ಟು ಸ್ಟೋರಿ ಪಾಯಿಂಟಿಗೆ (ಕೆಲಸ ಎಷ್ಟು ದೊಡ್ಡದು ಅಂತ ತಂಡವೇ ಹಾಕುವ ಅಂದಾಜು), ವೆಲಾಸಿಟಿಗೆ (ಒಂದು ಸ್ಪ್ರಿಂಟಿನಲ್ಲಿ ಮುಗಿಸಿದ ಪಾಯಿಂಟುಗಳು) ಅಂಕ ಕೊಡಬೇಡಿ. ಕೊಟ್ಟರೆ 3 ಪಾಯಿಂಟಿನ ಕೆಲಸ ಮರುದಿನ 8 ಆಗುತ್ತದೆ. 2020ರ ಸ್ಕ್ರಮ್ ಗೈಡ್‌ನಲ್ಲಿ ಸ್ಟೋರಿ ಪಾಯಿಂಟಿನ ಮಾತೇ ಇಲ್ಲ. ‘ಮುಗಿದಿದೆ’ ಅಂದರೆ ಏನು ಅಂತ ತಂಡವೇ ಮೊದಲ ವಾರ ಬರೆದು ಗೋಡೆಗೆ ಅಂಟಿಸಲಿ: ಟೆಸ್ಟ್ ಪಾಸಾಗಿದೆ, ಇನ್ನೊಬ್ಬರು ಕೋಡ್ ನೋಡಿದ್ದಾರೆ, ಮುಖ್ಯ ಬ್ರಾಂಚಿಗೆ (ತಂಡದ ಎಲ್ಲರ ಕೋಡ್ ಒಟ್ಟಾಗುವ ಪ್ರತಿ) ಸೇರಿದೆ. ಅದನ್ನು ಪಾಲಿಸಿದರಾ ಅನ್ನುವುದಕ್ಕೆ ಅಂಕ ಕೊಡಿ. ಆಗ ರಾತ್ರೋರಾತ್ರಿ ಕಾರ್ಡ್ ಹಾರಿಸಲು ಆಗುವುದಿಲ್ಲ. ‘ನಡೆಯುತ್ತಿದೆ’ ಕಾಲಮ್ಮಿನಲ್ಲಿ ಎರಡೇ ಕಾರ್ಡ್ ಅಂತ ಮಿತಿ ಹಾಕಿದರೆ ಇನ್ನೂ ಒಳ್ಳೆಯದು. ಒಬ್ಬರು ಸಿಕ್ಕಿಬಿದ್ದರೆ ಉಳಿದವರು ಸುಮ್ನೆ ಹೊಸ ಕೆಲಸ ಹಿಡಿಯದೆ ಅವರ ಜೊತೆ ಕೂರುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದ. ಗ್ರಾಹಕನ ಪಾತ್ರ ನಾನೇ ಮಾಡಬಹುದಾ? ಮತ್ತೆ ನಮ್ಮವರು ದಿನಾ ಸೇರುವುದಿಲ್ಲ, ಡೈಲಿ ಸ್ಕ್ರಮ್ (ತಂಡ ದಿನಾ ನಡೆಸುವ ಚಿಕ್ಕ ಸಭೆ) ಏನು ಮಾಡಲಿ?

ಉತ್ತರ 1

ನೀವು ಮಾಡಬೇಡಿ. ಅಂಕ ಕೊಡುವವರೇ ಗ್ರಾಹಕರಾದರೆ ವಿದ್ಯಾರ್ಥಿಗಳು ನಿಮ್ಮ ಮುಖ ನೋಡಿ ಹೂಂ ಅನ್ನುತ್ತಾರೆ. ಆ್ಯಪ್ ನಿಜವಾಗಿ ಬಳಸುವ ಒಬ್ಬರನ್ನು ಕರೆಯಿರಿ. ಗ್ರಂಥಾಲಯದ ಸಿಬ್ಬಂದಿ ಒಪ್ಪಿದರೆ ಅದಕ್ಕಿಂತ ಬೇರೇನು ಬೇಕು! ದಿನಾ ಸೇರಲಾಗದಿದ್ದರೆ ಪ್ರತಿ ಲ್ಯಾಬ್ ಶುರುವಿನಲ್ಲಿ ನಿಂತುಕೊಂಡೇ ಮಾತಾಡಲಿ, 15 ನಿಮಿಷ ದಾಟದಂತೆ. ನೀವು ದೂರ ನಿಲ್ಲಿ. ಹತ್ತಿರ ನಿಂತರೆ ಅವರು ನಿಮಗೆ ವರದಿ ಒಪ್ಪಿಸುತ್ತಾರೆ, ಒಬ್ಬರಿಗೊಬ್ಬರು ಮಾತಾಡಿಕೊಳ್ಳುವುದಿಲ್ಲ.