ಟಿವಿಯ ಆಪ್ಟಿಕಲ್ ಔಟ್‌ನಿಂದ ಹಳೇ ಆಂಪ್ಲಿಫೈಯರ್‌ಗೆ: ಗೊತ್ತಿದ್ದವರು ಹೇಳಿ

ಕೇಳಿದವರು, ಬಸವನಗುಡಿ:
ಮನೆಗೆ ಹೊಸ ಟಿವಿ ಬಂದಿದೆ. ಸೌಂಡ್ ಹೊರಗೆ ತರೋಕೆ ಹೆಚ್‌ಡಿಎಂಐ ಬಿಟ್ಟರೆ ಆಪ್ಟಿಕಲ್ ಔಟ್ ಒಂದೇ ಇದೆ. ಅಪ್ಪನ ಹಳೇ ಸ್ಟೀರಿಯೋ ಆಂಪ್ಲಿಫೈಯರ್‌ನಲ್ಲಿ ಕೆಂಪು-ಬಿಳಿ ಆರ್‌ಸಿಎ ಜಾಕ್ ಮಾತ್ರ. ಅವರಿಗೆ ಆ ಸ್ಪೀಕರ್‌ಗಳಲ್ಲೇ ಹಾಡು ಕೇಳಬೇಕು. ಎಸ್.ಪಿ. ರೋಡ್‌ನಲ್ಲಿ ಒಬ್ಬರು ಕೋಆಕ್ಸಿಯಲ್ ಕೇಬಲ್ ಸಾಕು ಅಂದರು. ಇನ್ನೊಬ್ಬರು ಚಿನ್ನದ ಲೇಪನ ಇರೋ ದುಬಾರಿ ಆಪ್ಟಿಕಲ್ ಕೇಬಲ್ ತೋರಿಸಿದರು. ಯಾವುದು ತಗೊಳ್ಳಲಿ?

ಮಲ್ಲೇಶ್ವರದಿಂದ:
ಬರೀ ಕೇಬಲ್‌ನಿಂದ ಆಗೋ ಕೆಲಸ ಅಲ್ಲ ಇದು. ಟಿವಿಯಿಂದ ಬರೋದು ಡಿಜಿಟಲ್ ಸಿಗ್ನಲ್, ಆಂಪ್ಲಿಫೈಯರ್‌ಗೆ ಬೇಕಿರೋದು ಅನಲಾಗ್. ಮಧ್ಯೆ ಒಂದು ಡ್ಯಾಕ್, ಅಂದರೆ ಡಿಜಿಟಲ್ ಅನ್ನು ಅನಲಾಗ್ ಮಾಡಿಕೊಡೋ ಸಾಧನ, ಬೇಕೇ ಬೇಕು. ಅಂಗೈಯಲ್ಲಿ ಹಿಡಿಯೋ ಅಷ್ಟು ಪುಟ್ಟ ಡಬ್ಬಿ. ಒಂದು ಕಡೆ ಆಪ್ಟಿಕಲ್ ಇನ್, ಇನ್ನೊಂದು ಕಡೆ ಕೆಂಪು-ಬಿಳಿ ಔಟ್.

ಕೋಆಕ್ಸಿಯಲ್, ಆಪ್ಟಿಕಲ್ ಎರಡರಲ್ಲೂ ಹೋಗೋದು ಒಂದೇ ಡೇಟಾ. ಸೋನಿ ಮತ್ತು ಫಿಲಿಪ್ಸ್ ಸೇರಿ ಮಾಡಿದ ಎಸ್‌ಪಿಡಿಐಎಫ್ ಅನ್ನೋ ಡಿಜಿಟಲ್ ಆಡಿಯೋ ಪದ್ಧತಿ ಅದು. ಕೋಆಕ್ಸಿಯಲ್‌ನಲ್ಲಿ 75 ಓಮ್‌ನ ತಾಮ್ರದ ತಂತಿಯಲ್ಲಿ ಹೋಗುತ್ತದೆ. ಆಪ್ಟಿಕಲ್‌ನಲ್ಲಿ ಕೆಂಪು ಬೆಳಕಾಗಿ ಪ್ಲಾಸ್ಟಿಕ್ ಎಳೆಯೊಳಗೆ ಹೋಗುತ್ತದೆ. ಇದು 1983ರಲ್ಲಿ ತೋಶಿಬಾ ತಂದದ್ದು, ಅದಕ್ಕೇ ಟಾಸ್‌ಲಿಂಕ್ ಅಂತ ಹೆಸರು. ನಿಮ್ಮ ಟಿವಿಯಲ್ಲಿ ಕೋಆಕ್ಸಿಯಲ್ ಔಟ್ ಇಲ್ಲವಲ್ಲ, ಆ ಕೇಬಲ್ ತಂದು ಏನು ಮಾಡುತ್ತೀರಿ? ಅದರ ಪಿನ್ ಆರ್‌ಸಿಎ ಥರವೇ ಇರುತ್ತದೆ, ಆಂಪ್ಲಿಫೈಯರ್‌ನ ಕೆಂಪು ಜಾಕ್‌ಗೂ ಕೂರುತ್ತದೆ. ಕೂತ ಮಾತ್ರಕ್ಕೆ ಹಾಡು ಬರಲ್ಲ.

ಇನ್ನು ಚಿನ್ನದ ಲೇಪನ. ಬೆಳಕು ಹೋಗೋ ಕೇಬಲ್‌ನ ತುದಿಯಲ್ಲಿ ಕರೆಂಟೇ ಹರಿಯಲ್ಲ, ಅಲ್ಲಿ ಚಿನ್ನ ಇದ್ದು ಏನೂ ಉಪಯೋಗವಿಲ್ಲ. ಆ ದುಡ್ಡು ಉಳಿಸಿ, ಒಳ್ಳೇ ಡ್ಯಾಕ್‌ಗೆ ಹಾಕಿ.

ರಾಜಾಜಿನಗರದಿಂದ:
ಮೇಲಿನವರು ಹೇಳಿದ್ದು ಸರಿ. ಆದರೆ ಜಾಸ್ತಿ ಜನ ಒದ್ದಾಡೋದು ಸೆಟ್ಟಿಂಗ್‌ನಲ್ಲಿ. ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಅಂತ ಇರುತ್ತದೆ. ಅದನ್ನು ಪಿಸಿಎಂಗೆ, ಅಂದರೆ ಸಾದಾ ಡಿಜಿಟಲ್ ಸೌಂಡ್‌ಗೆ, ಇಡಿ. ಆಟೋ ಅಥವಾ ಡಾಲ್ಬಿ ಅಂತ ಇದ್ದರೆ ಸೌಂಡ್ ಕಂಪ್ರೆಸ್ ಆದ ಡಾಲ್ಬಿ ರೂಪದಲ್ಲಿ ಬರಬಹುದು, ಸಾದಾ ಡ್ಯಾಕ್‌ಗೆ ಅದನ್ನು ಬಿಡಿಸಲು ಬರಲ್ಲ. ಒಂದು ಚಾನೆಲ್‌ನಲ್ಲಿ ಸೌಂಡ್ ಬರುತ್ತದೆ, ಸಿನಿಮಾ ಹಾಕಿದರೆ ಇಲ್ಲ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು, ಪಿಸಿಎಂಗೆ ಇಟ್ಟ ಕೂಡಲೇ ಸರಿಹೋಯಿತು.

ಹೊಸ ಕೇಬಲ್‌ನ ಎರಡೂ ತುದಿಗೆ ಪಾರದರ್ಶಕ ಕ್ಯಾಪ್ ಇರುತ್ತದೆ, ತೆಗೆದು ಹಾಕಿ. ಟಿವಿ ಆನ್ ಇದ್ದಾಗ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ಬೆಳಕು ದಾಟಿ ಬರುತ್ತಿದೆ ಅಂತ ಅರ್ಥ. ಗೋಡೆ ಮೂಲೆಯಲ್ಲಿ ಚೂಪಾಗಿ ಮಡಚಬೇಡಿ, ಒಳಗಿನ ಎಳೆ ಹಾಳಾಗುತ್ತದೆ.

ವಿಜಯನಗರದಿಂದ:
ಗುಂಯ್ ಅನ್ನೋ ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ಆಪ್ಟಿಕಲ್‌ನ ದೊಡ್ಡ ಲಾಭ ಅದೇ: ಟಿವಿಗೂ ಆಂಪ್ಲಿಫೈಯರ್‌ಗೂ ನಡುವೆ ತಂತಿಯ ಸಂಪರ್ಕ ಇಲ್ಲ, ಹಾಗಾಗಿ ಆ ಸದ್ದು ತರೋ ಗ್ರೌಂಡ್ ಲೂಪ್ (ಎರಡು ಸಾಧನಗಳ ಗ್ರೌಂಡ್ ತಂತಿಗಳು ಸೇರಿ ಆಗೋ ಸುತ್ತು) ಆ ದಾರಿಯಲ್ಲಿ ಬರಲ್ಲ. ಆದರೆ ಡ್ಯಾಕ್‌ಗೆ ಟಿವಿಯ ಯುಎಸ್‌ಬಿಯಿಂದಲೇ ಪವರ್ ಕೊಟ್ಟರೆ ತಂತಿ ಮತ್ತೆ ಸೇರಿಕೊಂಡಂತೆ. ಬೇರೆ ಮೊಬೈಲ್ ಚಾರ್ಜರ್ ಹಾಕಿ.

ಎಚ್‌ಎಸ್‌ಆರ್ ಲೇಔಟ್‌ನಿಂದ:
ಸೌಂಡ್‌ಬಾರ್ ಇರೋರು ಇದನ್ನು ಓದಿ ಆಪ್ಟಿಕಲ್‌ಗೆ ಓಡಬೇಡಿ. ಟಿವಿ, ಸೌಂಡ್‌ಬಾರ್ ಎರಡರಲ್ಲೂ ಎಆರ್‌ಸಿ (ಹೆಚ್‌ಡಿಎಂಐನಲ್ಲೇ ಟಿವಿಯ ಸೌಂಡ್ ಹೊರಗೆ ಕಳಿಸೋ ಸೌಲಭ್ಯ) ಇದ್ದರೆ ಹೆಚ್‌ಡಿಎಂಐ ಹಾಕಿ, ಟಿವಿ ರಿಮೋಟ್‌ನಲ್ಲೇ ವಾಲ್ಯೂಮ್ ಸಿಗುತ್ತದೆ. ಆಪ್ಟಿಕಲ್‌ನಲ್ಲಿ ಡಾಲ್ಬಿ ಡಿಜಿಟಲ್ 5.1 ಸರೌಂಡ್ ಸೌಂಡ್ ಹೋಗುತ್ತದೆ, ಮೇಲಿಂದಲೂ ಸೌಂಡ್ ಬಂದಂತೆ ಕೇಳಿಸೋ ಡಾಲ್ಬಿ ಅಟ್ಮಾಸ್ ಹೋಗಲ್ಲ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಂಪ್ಲಿಫೈಯರ್ ಹಾಲ್‌ನ ಆ ಕಡೆ ಇದೆ. ಯಾವ ಕೇಬಲ್ ಉದ್ದ ಇರಲಿ?

ಮಲ್ಲೇಶ್ವರದಿಂದ:
ಡ್ಯಾಕ್ ಆಂಪ್ಲಿಫೈಯರ್ ಪಕ್ಕದಲ್ಲೇ ಇರಲಿ, ಆರ್‌ಸಿಎ ಗಿಡ್ಡ ಇರಲಿ, ಆಪ್ಟಿಕಲ್ ಉದ್ದ ಎಳೆಯಿರಿ. 5 ಮೀಟರ್‌ವರೆಗೆ ಯೋಚನೆ ಬೇಡ. ವಾಲ್ಯೂಮ್ ಮಾತ್ರ ಅಪ್ಪ ಎದ್ದು ಹೋಗಿ ಆಂಪ್ಲಿಫೈಯರ್‌ನಲ್ಲೇ ತಿರುಗಿಸಬೇಕಾಗಬಹುದು, ಮೊದಲೇ ಹೇಳಿಬಿಡಿ.