'ಮರುಪಾವತಿ'ಯನ್ನು ಎಲ್ಲಿಯವರೆಗೆ ಎಳೆಯಬಹುದು? ಹಡಗು ಪ್ರವಾಸದ ಕರಾರಿನ ಕೆಲವು ಪದಗಳು

ಬಳಗದ ಎಲ್ಲರಿಗೂ ನಮಸ್ಕಾರ.

ಹಿರಿಯ ನಾಗರಿಕರನ್ನು ವಿಲಾಸಿ ಹಡಗುಗಳಲ್ಲಿ ಪ್ರವಾಸಕ್ಕೆ ಕರೆದೊಯ್ಯುವ ಒಂದು ಸಂಸ್ಥೆಗಾಗಿ ಟಿಕೆಟ್ ಕರಾರನ್ನೂ ಅದರ ಜೊತೆಗಿನ ವಿಮಾಪತ್ರವನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ವಾಕ್ಯಗಳು ಉದ್ದವಾಗಿದ್ದರೂ ಬಿಡಿಸಬಹುದು. ತೊಡಕಿರುವುದು ಕೆಲವೇ ಪದಗಳಲ್ಲಿ. ಆದರೆ ಕಟ್ಟಿದ ದುಡ್ಡು ಕೈಗೆ ಬರುತ್ತದೆಯೋ ಇಲ್ಲವೋ ಎಂದು ತೀರ್ಮಾನವಾಗುವ ಜಾಗದಲ್ಲೇ ಅವು ಕುಳಿತಿವೆ.

ಮುಖ್ಯ ತಕರಾರು 'ಮರುಪಾವತಿ'ಯದು. ಬ್ಯಾಂಕಿನಲ್ಲಿ ಅದು ಸಾಲ ಪಡೆದವನು ತೀರಿಸುವ ಹಣ. ಗ್ರಾಹಕ ನ್ಯಾಯಾಲಯದ ಸುದ್ದಿಗಳಲ್ಲಿ ಮಾರಿದವನು ಕೊಂಡವನಿಗೆ ಹಿಂದಿರುಗಿಸುವ ಹಣ. ವಿಮೆಯಲ್ಲಿ ಮತ್ತೊಂದು: ಆಸ್ಪತ್ರೆಗೆ ನಾವೇ ಕಟ್ಟಿ, ರಸೀದಿ ತೋರಿಸಿ ಆಮೇಲೆ ಪಡೆಯುವ ಹಣ. ದಿನಪತ್ರಿಕೆಯಲ್ಲಿ ಈ ಮೂರೂ ಅರ್ಥಗಳು ಬೇರೆ ಬೇರೆ ಪುಟಗಳಲ್ಲಿರುವುದರಿಂದ ಯಾರಿಗೂ ಗೊಂದಲವಾಗುವುದಿಲ್ಲ. ನನ್ನ ಕೈಯಲ್ಲಿರುವ ಕರಾರಿನಲ್ಲಿ ಮೂರೂ ಒಂದೇ ಪುಟದಲ್ಲಿವೆ. 'ಪ್ರಯಾಣಿಕರ ಮರುಪಾವತಿ' ಎಂದು ಬರೆದರೆ ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು? ರೀಫಂಡ್‌ಗೆ 'ಹಣ ವಾಪಸಾತಿ', ಸಾಲಕ್ಕೆ 'ಮರುಪಾವತಿ', ವಿಮೆಯದಕ್ಕೆ 'ವೆಚ್ಚ ಭರ್ತಿ' ಎಂದು ಸದ್ಯಕ್ಕೆ ಹಂಚಿಕೊಂಡಿದ್ದೇನೆ. 'ವಾಪಸಾತಿ' ಕಚೇರಿಯ ವಾಸನೆಯ ಪದ ಎಂದು ಕೆಲವರು ಮೂಗು ಮುರಿಯಬಹುದು. ಕಚೇರಿಯ ಕಾಗದಕ್ಕೆ ಕಚೇರಿಯ ವಾಸನೆ ಇದ್ದರೆ ನನಗೇನೂ ಬೇಸರವಿಲ್ಲ.

ಇದಿಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಕೋವಿಡ್ ಹರಡುತ್ತಿದ್ದಾಗ, 2020ರ ಮಾರ್ಚ್ 14ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಪ್ರವಾಸಿ ಹಡಗುಗಳ ಸಂಚಾರ ನಿಲ್ಲಿಸಿ ಆದೇಶ ಹೊರಡಿಸಿತಷ್ಟೆ. ಆಗ ಹಲವು ಹಡಗು ಕಂಪನಿಗಳು ರದ್ದಾದ ಪ್ರಯಾಣಕ್ಕೆ ಹಣದ ಬದಲು 'ಫ್ಯೂಚರ್ ಕ್ರೂಸ್ ಕ್ರೆಡಿಟ್', ಅಂದರೆ ಮುಂದಿನ ಪ್ರಯಾಣಕ್ಕೆ ಮಾತ್ರ ಬಳಸಬಹುದಾದ ಚೀಟಿ, ಮುಂದಿಟ್ಟವು. ಕಟ್ಟಿದ ಹಣದ 125 ಪ್ರತಿಶತದಷ್ಟು ಬೆಲೆ ಎಂದು ಆಸೆ ತೋರಿಸಿದವರೂ ಇದ್ದರು. ನಗದು ಬೇಕೆಂದವರು ಬೇರೆಯೇ ಅರ್ಜಿ ಹಾಕಿ ಕಾಯಬೇಕಿತ್ತು. ನನಗೆ ಮಾದರಿಯೆಂದು ಕೊಟ್ಟಿರುವ ಹಳೆಯ ಕನ್ನಡ ಅನುವಾದದಲ್ಲಿ ಈ ಕ್ರೆಡಿಟ್‌ಗೂ 'ಮರುಪಾವತಿ' ಎಂದೇ ಹಾಕಿದ್ದಾರೆ. ಇದು ಚಿಲ್ಲರೆಯ ಬದಲು ಚಾಕೊಲೇಟ್ ಕೊಟ್ಟು 'ಬಾಕಿ ಕೊಟ್ಟಿದ್ದೇನೆ' ಎಂದ ಹಾಗಾಯಿತು. ಎಪ್ಪತ್ತು ದಾಟಿದ ಓದುಗರೊಬ್ಬರು ಆ ಸಾಲನ್ನು ನಂಬಿ ಸಹಿ ಹಾಕಿದರೆ ಅವರಿಗೆ ಸಿಗುವುದು ಅವಧಿ ಮುಗಿದರೆ ಬೆಲೆಯೇ ಇಲ್ಲದ ಒಂದು ಚೀಟಿ.

'ಜಮೆ' ಎನ್ನೋಣವೆಂದರೆ ಅದೂ ಸರಿಹೋಗುವುದಿಲ್ಲ. ಖಾತೆಗೆ ಜಮೆಯಾದದ್ದನ್ನು ತೆಗೆಯಬಹುದು ಎಂಬ ನಂಬಿಕೆ ಆ ಪದದೊಳಗೇ ಇದೆ. 'ಬದಲಿ ಪ್ರಯಾಣದ ಚೀಟಿ' ಎಂದು ಬರೆದುಕೊಂಡಿದ್ದೇನೆ. ಅಂದವಾಗಿಲ್ಲ, ಆದರೆ ಇದು ದುಡ್ಡಲ್ಲ ಎಂದು ಓದಿದ ಕೂಡಲೇ ತಿಳಿಯುತ್ತದೆ. ಕಾನೂನುಗಳೂ ಈ ಎರಡನ್ನು ಒಂದೆಂದು ಎಣಿಸುವುದಿಲ್ಲ. ಯುರೋಪಿನ ಪ್ಯಾಕೇಜ್ ಪ್ರವಾಸ ನಿಯಮದಲ್ಲಿ ಪ್ರವಾಸ ರದ್ದಾದರೆ 14 ದಿನಗಳೊಳಗೆ ಹಣ ಹಿಂದಿರುಗಬೇಕು. ಅಮೆರಿಕದ ಫೆಡರಲ್ ಮ್ಯಾರಿಟೈಮ್ ಕಮಿಷನ್ 2022ರಲ್ಲಿ ತಂದ ನಿಯಮದಂತೆ, ಹಡಗು ಹೊರಡುವುದು ರದ್ದಾದರೆ, ಅಥವಾ ಮೂರು ದಿನ ಇಲ್ಲವೇ ಅದಕ್ಕಿಂತ ಹೆಚ್ಚು ತಡವಾಗಿ ಪ್ರಯಾಣಿಕರು ಹತ್ತಲೊಲ್ಲೆವೆಂದರೆ, ಅವರಿಗೆ ಹಣ ಕೇಳುವ ಹಕ್ಕಿದೆ.

ಎರಡನೆಯ ಪ್ರಶ್ನೆ 'ಫೋರ್ಸ್ ಮೆಜೂರ್', ಅಂದರೆ ಕೈಮೀರಿದ ಘಟನೆಯಿಂದ ಕರಾರು ನಡೆಸಲಾಗದಿದ್ದರೆ ಹೊಣೆಯಿಲ್ಲ ಎನ್ನುವ ಷರತ್ತಿನ ಕುರಿತದ್ದು. ನಮ್ಮ ವಕೀಲರು 'ದೈವಾಧೀನ ಘಟನೆ' ಎನ್ನುತ್ತಾರೆ. ಬಿರುಗಾಳಿಗೆ ಅದು ಒಪ್ಪುತ್ತದೆ. ಸರ್ಕಾರ ಬಂದರು ಮುಚ್ಚಿದ್ದಕ್ಕೆ ದೇವರನ್ನು ಏಕೆ ಎಳೆದು ತರಬೇಕು? 2020ರ ಮಾರ್ಚ್‌ನಲ್ಲಿ ಎಂಎಸ್‌ಸಿ ಲಿರಿಕಾ ಹಡಗಿಗೆ ನವಮಂಗಳೂರು ಬಂದರಿನಲ್ಲಿ ಪ್ರವೇಶ ಸಿಗಲಿಲ್ಲ. ಅದಕ್ಕೂ ಮೊದಲು ಬಂದರಿನಿಂದ ಬಂದರಿಗೆ ಅಲೆದ ವೆಸ್ಟರ್‌ಡ್ಯಾಮ್ ಕೊನೆಗೆ ಕಾಂಬೋಡಿಯಾದ ಸಿಹಾನೂಕ್‌ವಿಲ್‌ನಲ್ಲಿ ತಂಗಿತು. ಇವು ಅಧಿಕಾರಿಗಳ ಕೆಲಸ. ಮರಾಠಿಯಲ್ಲಿ 'ಅಸ್ಮಾನಿ ಸುಲ್ತಾನಿ' ಎಂಬ ಸೊಗಸಾದ ಜೋಡಿಯಿದೆ: ಆಕಾಶದಿಂದ ಬಂದ ಸಂಕಟ ಬೇರೆ, ಆಳುವವರಿಂದ ಬಂದದ್ದು ಬೇರೆ. ಇದಕ್ಕೆ ಸರಿಯಾಗಿ 'ರಾಜಿಕ ದೈವಿಕ' ಎಂಬುದನ್ನು ಕನ್ನಡದ ಗೇಣಿಪತ್ರ, ಭೋಗ್ಯಪತ್ರಗಳಲ್ಲಿ ಕಂಡವರಿದ್ದರೆ ಆ ಸಾಲನ್ನು ಇದ್ದ ಹಾಗೆಯೇ ಬರೆದು ಕಳುಹಿಸುವಿರಾ? ಮಹಾಮಾರಿಯ ಷರತ್ತಿಗೆ ಇದಕ್ಕಿಂತ ಹೊಂದುವ ಮಾತು ನನಗೆ ಕಾಣುತ್ತಿಲ್ಲ. ರೋಗ ದೈವಿಕ, ನಿರ್ಬಂಧ ರಾಜಿಕ.

ನಿರ್ಬಂಧದ ಮಾತು ಬಂದದ್ದರಿಂದ 'ಕ್ವಾರಂಟೈನ್'. 'ಸಂಪರ್ಕತಡೆ', 'ಪ್ರತ್ಯೇಕವಾಸ', 'ದಿಗ್ಬಂಧನ' ಮೂರನ್ನೂ ಆಗ ಪತ್ರಿಕೆಗಳು ಬಳಸಿದವು. ಜಪಾನಿನ ಯೊಕೊಹಾಮಾದಲ್ಲಿ ಕೋವಿಡ್ ಕಾರಣಕ್ಕೆ ತಡೆಯಲ್ಪಟ್ಟ ಡೈಮಂಡ್ ಪ್ರಿನ್ಸೆಸ್ ಹಡಗಿನ ಕಥೆ ನೋಡಿದರೆ ಕೊನೆಯ ಎರಡಕ್ಕಾದರೂ ಬೇರೆ ಬೇರೆ ಕೆಲಸವಿದೆ ಎನಿಸುತ್ತದೆ. ಹಡಗಿನಲ್ಲಿದ್ದವರು 3,711 ಮಂದಿ. ಅವರಲ್ಲಿ 138 ಭಾರತೀಯರು, 132 ಜನ ಸಿಬ್ಬಂದಿಯೇ. ಇಡೀ ಹಡಗು ದಿಗ್ಬಂಧನದಲ್ಲಿತ್ತು. ಪ್ರಯಾಣಿಕರು ತಮ್ಮ ತಮ್ಮ ಕೋಣೆಗಳಲ್ಲಿ ಪ್ರತ್ಯೇಕವಾಸದಲ್ಲಿದ್ದರು. ಸಿಬ್ಬಂದಿಗೆ ಎರಡನೆಯದು ಸಿಗಲೇ ಇಲ್ಲ: ಅವರು ಅಡುಗೆ ಮಾಡಿ ಬಾಗಿಲು ಬಾಗಿಲಿಗೆ ಊಟ ಮುಟ್ಟಿಸುತ್ತ, ಒಂದೇ ಕೋಣೆಯನ್ನು ಹಂಚಿಕೊಂಡು ಮಲಗುತ್ತ ಇದ್ದರು. ಅವರನ್ನೂ 'ಪ್ರತ್ಯೇಕವಾಸದಲ್ಲಿದ್ದವರು' ಎಂದು ಬರೆದರೆ ಅದು ಸುಳ್ಳು. ವಿಮೆಗೂ ಈ ವ್ಯತ್ಯಾಸ ಬೇಕು. ವೈದ್ಯರು ಪಾಲಿಸಿ ಮಾಡಿಸಿದವರ ಹೆಸರು ಹಿಡಿದು ಪ್ರತ್ಯೇಕವಾಸ ವಿಧಿಸಿದರೆ ಮಾತ್ರ ಪರಿಹಾರ, ಹಡಗಿಗೆ ಹಡಗೇ ತಡೆಯಲ್ಪಟ್ಟರೆ ಇಲ್ಲ ಎನ್ನುವ ಪಾಲಿಸಿ ನನ್ನ ಮೇಜಿನ ಮೇಲೇ ಇದೆ.

ಬಂದರಿನ ಆರೋಗ್ಯಾಧಿಕಾರಿ ಹಡಗಿಗೆ ಕೊಡುವ ಪ್ರವೇಶದ ಒಪ್ಪಿಗೆಗೆ 'ಪ್ರಾಟೀಕ್' ಎನ್ನುತ್ತಾರೆ. 'ಆರೋಗ್ಯ ರಹದಾರಿ' ಆಗಬಹುದೇ? ಹಳದಿ ಬಾವುಟ ಕಂಡರೆ ರೋಗದ ಹಡಗು ಎಂದು ಬರೆಯುವ ರೂಢಿ ನಮ್ಮಲ್ಲಿದೆ. ಈಗಿನ ಸಂಕೇತ ಪದ್ಧತಿಯಲ್ಲಿ ಅದು ತದ್ವಿರುದ್ಧ: ನಮ್ಮಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ, ರಹದಾರಿ ಕೊಡಿ.

ವಿಮೆಯ ಭಾಗದಲ್ಲಿ 'ವಿಮಾದಾರ' ಕಾಡುತ್ತಿದೆ. ವಿಮೆ ಮಾಡಿಸಿದವರೋ, ಕೊಡುವ ಕಂಪನಿಯೋ? 'ಸಾಲಗಾರ'ನ ಹಾಗೆಯೇ ಇದೂ ಎರಡು ದಡದಲ್ಲೂ ಕಾಲಿಟ್ಟಿದೆ. ಸಾಲಗಾರರ ಕಾಟ ಎಂದಾಗ ಅವನು ಕೊಟ್ಟವನು, ಬ್ಯಾಂಕಿನ ನೋಟಿಸಿನಲ್ಲಿ ತೆಗೆದುಕೊಂಡವನು. ನಾನು 'ಪಾಲಿಸಿದಾರ', 'ವಿಮಾ ಕಂಪನಿ' ಎಂದು ಬಿಡಿಸಿ ಬರೆಯುತ್ತಿದ್ದೇನೆ. ನಷ್ಟದಲ್ಲಿ ಪಾಲಿಸಿದಾರರೇ ಭರಿಸಬೇಕಾದ ಮೊತ್ತ, ಅಂದರೆ ಡಿಡಕ್ಟಿಬಲ್‌ಗೆ 'ಕಡಿತ' ಎಂದಿರುವುದನ್ನು ಮಾತ್ರ ದಯವಿಟ್ಟು ಯಾರೂ ಸಮರ್ಥಿಸಬೇಡಿ. ನಾಯಿ ಕಡಿತದ ಪರಿಹಾರದಲ್ಲಿ ಎಷ್ಟು ಕಡಿತ ಎಂದು ಬರೆಯುವ ದಿನ ಬಂದೀತು. 'ಸ್ವಂತ ಪಾಲು' ಸಾಲದೇ?

ಕೊನೆಗೆ ಪರಿಸರದ ಅನುಬಂಧ. ಹಡಗಿನ ಶೌಚಾಲಯದ ನೀರಿಗೆ ಅವರ ಹೆಸರು 'ಬ್ಲ್ಯಾಕ್ ವಾಟರ್', ಸ್ನಾನದ, ಪಾತ್ರೆ ತೊಳೆದ ನೀರಿಗೆ 'ಗ್ರೇ ವಾಟರ್'. ಮೊದಲನೆಯದನ್ನು ಯಾರೋ 'ಕರಿನೀರು' ಮಾಡಿದ್ದಾರೆ. ಅಂಡಮಾನಿನ ಕರಿನೀರಿನ ಶಿಕ್ಷೆ ಕೇಳಿ ಬೆಳೆದ ಓದುಗರು ಟಿಕೆಟ್ಟನ್ನೇ ಹಿಂದಿರುಗಿಸಿಯಾರು. 'ಬಚ್ಚಲು ನೀರು', 'ಕಕ್ಕಸು ನೀರು' ಎಂದರೆ ಯಾರಿಗೂ ವಿವರಣೆ ಬೇಡ, ಆದರೆ ಸಂಸ್ಥೆಯವರು ಎರಡನೆಯದನ್ನು 'ಶೌಚನೀರು' ಮಾಡಿ ಎನ್ನುತ್ತಿದ್ದಾರೆ. ಮರ್ಯಾದೆಗಾಗಿ ಒಪ್ಪಿದ್ದೇನೆ. ಪದ ಸ್ಪಷ್ಟವಾಗಿರಬೇಕು, ಏಕೆಂದರೆ ನಿಯಮ ಎರಡಕ್ಕೂ ಒಂದೇ ಅಲ್ಲ. ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ನಾಲ್ಕನೆಯ ಅನುಬಂಧದ ಪ್ರಕಾರ ಸಂಸ್ಕರಿಸದ ಶೌಚನೀರನ್ನು ದಡದಿಂದ 12 ನಾಟಿಕಲ್ ಮೈಲಿಗಿಂತ ಆಚೆ, ಹಡಗು ಚಲಿಸುತ್ತಿರುವಾಗ ಮಾತ್ರ ಬಿಡಬಹುದು. ಬಚ್ಚಲು ನೀರು ಆ ಅನುಬಂಧದಲ್ಲೇ ಇಲ್ಲ. 'ತ್ಯಾಜ್ಯನೀರು' ಎಂದು ಎರಡನ್ನೂ ಕಲಸಿದರೆ ಈ ಸಂದು ಓದುಗರಿಗೆ ಕಾಣುವುದೇ ಇಲ್ಲ.

'ಸ್ಕ್ರಬ್ಬರ್' ಹಾಗೆಯೇ ಉಳಿಸಿ, ಮೊದಲ ಬಾರಿ ಮಾತ್ರ 'ಹೊಗೆ ತೊಳೆಯುವ ಸಾಧನ' ಎಂದು ಸೇರಿಸಿದ್ದೇನೆ. ಕರಪತ್ರದವರು ಅದಕ್ಕೆ 'ಶುದ್ಧೀಕರಣ ಯಂತ್ರ' ಎಂದಿದ್ದರು, ಅದನ್ನು ಹೊಡೆದು ಹಾಕಿದೆ. 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ 3.5ರಿಂದ 0.5 ಪ್ರತಿಶತಕ್ಕೆ ಇಳಿದಾಗ ಹಲವರು ಇಂಧನ ಬದಲಿಸದೆ ಈ ಸಾಧನ ಹಾಕಿಸಿಕೊಂಡರು. ತೆರೆದ ಬಗೆಯದರಲ್ಲಿ ಹೊಗೆ ತೊಳೆದ ನೀರು ನೇರ ಸಮುದ್ರಕ್ಕೇ ಹೋಗುತ್ತದೆ.

ಕರಡು ಈ ತಿಂಗಳೊಳಗೆ ಹೋಗಬೇಕು. 'ರಾಜಿಕ ದೈವಿಕ'ದ ಬಳಕೆ, 'ಬದಲಿ ಪ್ರಯಾಣದ ಚೀಟಿ'ಗಿಂತ ಚಿಕ್ಕದಾದ ಪದ, ಈ ಎರಡರ ಬಗ್ಗೆ ಮೊದಲು ಬರೆಯಿರಿ. ಮಂಗಳೂರಿನ ಬಂದರಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಪ್ರಾಟೀಕ್‌ಗೆ ಅಲ್ಲಿನವರು ಬಾಯಿಮಾತಿನಲ್ಲಿ ಏನೆನ್ನುತ್ತಾರೆಂದು ತಿಳಿಸಿ. ಅದು 'ರಹದಾರಿ'ಗಿಂತ ಚೆನ್ನಾಗಿದ್ದರೆ ನನ್ನದನ್ನು ಕೈಬಿಡುತ್ತೇನೆ.