ಚಿಕ್ಕಮ್ಮನ ಸೋಪಿಗೆ ಹೆಸರಿಟ್ಟ ಭಾನುವಾರ

ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ ಹದಿನೇಳು ಜನ ಇದ್ದೇವೆ. ಬೆಳಿಗ್ಗೆ ಅಪ್ಪನ ಶುಭೋದಯದ ಚಿತ್ರ ಬರುತ್ತದೆ, ಐದಾರು ಜನ ಕೈ ಮುಗಿಯುತ್ತಾರೆ, ಅಲ್ಲಿಗೆ ಆ ದಿನ ಮುಗಿಯಿತು. ಮೊನ್ನೆ ಭಾನುವಾರ ಮಾತ್ರ ಹಾಗಾಗಲಿಲ್ಲ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ತೊಂಬತ್ತು ಮೆಸೇಜು. ಯಾರಿಗೋ ಏನೋ ಆಯ್ತು ಅಂತ ಎದೆ ಧಸಕ್ ಅಂದಿತು. ನೋಡಿದರೆ ಸೋಪು.

ಸಾಗರದ ಹತ್ತಿರ ನಮ್ಮ ಹಳೇ ಮನೆಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮ ಇದ್ದಾರೆ. ಚಿಕ್ಕಮ್ಮ ಎರಡು ವರ್ಷದಿಂದ ಕೈಯಲ್ಲೇ ಸೋಪು ಮಾಡುತ್ತಿದ್ದಾರೆ. ಮೊದಲು ನೆಂಟರಿಗೆ, ಆಮೇಲೆ ನೆಂಟರ ನೆಂಟರಿಗೆ. ಈಗ ಕೊಟ್ಟಿಗೆ ಪಕ್ಕದ ಕೋಣೆಗೆ ಟೈಲ್ಸ್ ಹಾಕಿಸಿ, ಲೈಸೆನ್ಸ್ ಮಾಡಿಸಿ, ಸರಿಯಾಗಿ ಮಾರುವ ಯೋಚನೆ. ಪುಟ್ಟಿ ಅವರ ಮಗಳು, ಬೆಂಗಳೂರಿನಲ್ಲಿ ಡಿಸೈನ್ ಕೆಲಸ. ಭಾವ ಅಂದರೆ ನನ್ನ ಅಕ್ಕನ ಗಂಡ, ಆಡಿಟರ್ ಆಫೀಸಿನಲ್ಲಿದ್ದಾರೆ. ಚಿಕ್ಕಮ್ಮನಿಗೆ ದೊಡ್ಡಪ್ಪನೂ ಭಾವನೇ. ಹಾಗಾಗಿ ಗುಂಪಿನಲ್ಲಿ ಯಾರಾದರೂ 'ಭಾವ' ಅಂದರೆ ಇಬ್ಬರು ಓಗೊಡುತ್ತಾರೆ. ಎಲ್ಲರನ್ನೂ ಕೇಳಿಯೇ ಇದನ್ನು ಇಲ್ಲಿ ಹಾಕುತ್ತಿದ್ದೇನೆ. ದೊಡ್ಡಪ್ಪ ಎರಡು ಸಾಲು ತೆಗೆಸಿದರು.

ಪುಟ್ಟಿ: (ಫೋಟೋ) ಅಮ್ಮನ ಸೋಪಿನ ಲೇಬಲ್ ರೆಡಿ! ಮಂಗಳವಾರ ಪ್ರಿಂಟಿಗೆ ಕೊಡಬೇಕು. ಹೇಗಿದೆ ಹೇಳಿ. ಚೆನ್ನಾಗಿದೆ ಅಂತ ಮಾತ್ರ ಹೇಳಿ.

ಬಾಳೆಎಲೆ ಮೇಲೆ ಮೂರು ಸೋಪು. ಸುತ್ತ ಕಂದು ಕಾಗದದ ಪಟ್ಟಿ. ಪಟ್ಟಿಯ ಮೇಲೆ 'ಮಲ್ನಾಡ್ ಸ್ಯಾಂಡಲ್'.

ಅತ್ತೆ: ಚೆನ್ನಾಗಿದೆ ಪುಟ್ಟಿ. ಗಂಧ ಎಷ್ಟು ಹಾಕಿದ್ದಾಳೆ ನಿಮ್ಮಮ್ಮ?

ಪುಟ್ಟಿ: ಗಂಧ ಇಲ್ಲ ಅತ್ತೆ. ಬಣ್ಣ ಗಂಧದ ಹಾಗಿದೆಯಲ್ಲ, ಅದಕ್ಕೆ.

ಅತ್ತೆ: ಹಾಗಾದರೆ ಜೋನಿಬೆಲ್ಲಕ್ಕೂ ಅದೇ ಹೆಸರಿಡಬಹುದು.

ಭಾವ: ಪುಟ್ಟಿ, ದಯವಿಟ್ಟು ಇದನ್ನು ಪ್ರಿಂಟಿಗೆ ಕೊಡಬೇಡ. ಗಂಧವೇ ಇಲ್ಲದೆ ಸ್ಯಾಂಡಲ್ ಅಂತ ಬರೆಯೋದು ಒಂದು ತಪ್ಪು. ಇನ್ನೊಂದು, ಮೈಸೂರ್ ಸ್ಯಾಂಡಲ್ ಅಂತ ಒಂದು ಸೋಪಿದೆ, ನೀನೂ ಕೇಳಿರಬಹುದು.

ಪುಟ್ಟಿ: ಮೈಸೂರು ಬೇರೆ, ಮಲ್ನಾಡು ಬೇರೆ ಭಾವ.

ಭಾವ: ಅಕ್ಷರಕ್ಕೆ ಅಕ್ಷರ ಒಂದೇ ಆಗಬೇಕಿಲ್ಲ. ಕೇಳೋದಕ್ಕೆ ಹತ್ತಿರವಿದ್ದು, ಕೊಳ್ಳುವವರಿಗೆ ಗೊಂದಲವಾಗುವ ಹಾಗಿದ್ದರೂ ತಕರಾರು ಬರುತ್ತದೆ. ಅವರಿಗೆ ಟ್ರೇಡ್‌ಮಾರ್ಕ್ ಅಷ್ಟೇ ಅಲ್ಲ, ಜಿಐ ಗುರುತೂ ಇದೆ, ಅಂದರೆ ಇದು ಇಂಥ ಸೀಮೆಯದೇ ಸರಕು ಅನ್ನೋ ಮಾನ್ಯತೆ.

ದೊಡ್ಡಪ್ಪ: ಇದರ ಕಥೆ ನಿಮಗೆ ಗೊತ್ತಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಗಂಧದ ಮರ ವಿದೇಶಕ್ಕೆ ಹೋಗೋದು ನಿಂತು ರಾಶಿ ರಾಶಿ ಉಳಿಯಿತು. ನಾಲ್ವಡಿಯವರ ಕಾಲ, ವಿಶ್ವೇಶ್ವರಯ್ಯ ದಿವಾನರು. 1916ರಲ್ಲಿ ಇಲ್ಲೇ ಎಣ್ಣೆ ತೆಗೆಯಲು ಶುರು ಮಾಡಿದರು. ಆಮೇಲೆ ಸೋಪು. ಅದನ್ನು ರೂಪಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಜನ ಅವರನ್ನು ಸೋಪ್ ಶಾಸ್ತ್ರಿ ಅಂತಲೇ ಕರೆದರು. ಗುರುತು ಶರಭ. ಸಿಂಹದ ಮೈ, ಆನೆಯ ತಲೆ. ಹಾಗೆ ಯೋಚನೆ ಮಾಡಿ ಹೆಸರಿಡಬೇಕು.

ಪುಟ್ಟಿ: ಸರಿ ದೊಡ್ಡಪ್ಪ, ನೀವೇ ಒಂದು ಹೇಳಿ.

ದೊಡ್ಡಪ್ಪ: ನಮ್ಮ ಅಮ್ಮನ ಹೆಸರು. ಇದರಲ್ಲಿ ಚರ್ಚೆ ಮಾಡೋದು ಏನಿದೆ? ನಿರ್ಮಾ ಅನ್ನೋದು ಅದರ ಮಾಲೀಕರ ಮಗಳ ಹೆಸರು. ನಿರುಪಮಾ ಅನ್ನೋದನ್ನು ಚಿಕ್ಕದು ಮಾಡಿದ್ದು. ಮಗಳ ಹೆಸರು ನಡೆಯುತ್ತದೆ ಅಂದಮೇಲೆ ತಾಯಿಯದು ನಡೆಯುವುದಿಲ್ಲವಾ?

ಎರಡು ನಿಮಿಷ ಯಾರೂ ಏನೂ ಬರೆಯಲಿಲ್ಲ. 'ಅತ್ತೆ ಟೈಪಿಂಗ್' ಅಂತ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

ಅತ್ತೆ: ಅಣ್ಣ, ಅಮ್ಮನ ಹೆಸರಿರುವ ಕಾಗದ ನಾಳೆ ಯಾರದೋ ಬಚ್ಚಲ ಮೋರಿಯಲ್ಲಿ ಬಿದ್ದಿರುತ್ತದೆ. ಅದು ನಿನಗೆ ಸರಿಯಾ? ಅಮ್ಮ ಜೀವಮಾನದಲ್ಲಿ ಸೋಪು ಮುಟ್ಟಿದವಳಲ್ಲ. ಮೈಗೆ ಕಡಲೆಹಿಟ್ಟು, ತಲೆಗೆ ದಾಸವಾಳದ ಸೊಪ್ಪಿನ ಗೊಂಪು. ನೀನು ಮೈಸೂರಿಂದ ತಂದುಕೊಟ್ಟ ಸೋಪನ್ನು ಟ್ರಂಕಿನಲ್ಲಿ ಸೀರೆ ನಡುವೆ ಇಟ್ಟಿದ್ದಳು, ಪರಿಮಳಕ್ಕೆ.

ಅಕ್ಕ: ಅಲ್ಲದೆ ಚಿಕ್ಕಮ್ಮ ಇವತ್ತಿಗೂ ಅಜ್ಜಿಯ ಹೆಸರು ಬಾಯಲ್ಲಿ ಹೇಳೋದಿಲ್ಲ. 'ನಮ್ಮತ್ತೆ' ಅಂತಲೇ ಅನ್ನೋದು. ಯಾರಾದರೂ ಫೋನ್ ಮಾಡಿ ಯಾವ ಸೋಪು ಅಂತ ಕೇಳಿದರೆ ಏನು ಹೇಳಬೇಕು?

ಅಕ್ಕನ ಈ ಮಾತು ನನಗೆ ಹೊಳೆದೇ ಇರಲಿಲ್ಲ. ಮಾಡುವವಳೇ ಹೇಳಲಾಗದ ಹೆಸರು! ದೊಡ್ಡಪ್ಪ ಒಂದು ಹೆಬ್ಬೆರಳೂ ಹಾಕದೆ ಸುಮ್ಮನಾದರು. ಆ ಹೊತ್ತಿಗೆ ದೊಡ್ಡಪ್ಪನ ಮಗ ಡಲ್ಲಾಸಿನಲ್ಲಿ ಇನ್ನೂ ಮಲಗಿರಲಿಲ್ಲ.

ಅಣ್ಣ (ಡಲ್ಲಾಸ್): ಸಹ್ಯಾದ್ರಿ ಬೊಟಾನಿಕಲ್ಸ್. ಪ್ರೀಮಿಯಂ ಫೀಲ್ ಇರುತ್ತದೆ. ಇಲ್ಲಿ ಇಂಥ ಸೋಪಿಗೆ ಏಳೆಂಟು ಡಾಲರ್ ಕೊಡುತ್ತಾರೆ.

ಅತ್ತೆ: ಬೊಟಾನಿಕಲ್ಸ್ ಅಂದರೆ ನನಗೆ ಪಿಯುಸಿ ಪ್ರಾಕ್ಟಿಕಲ್ಸ್ ನೆನಪಾಗುತ್ತದೆ.

ನಾನು: 'ಸಹಜ' ಅಥವಾ 'ಶುದ್ಧ'?

ಭಾವ: ಹೊಗಳುವ ಹೆಸರು ಬೇಡ. ಸರಕಿನ ಗುಣವನ್ನು ಬರೀ ಬಣ್ಣಿಸುವ ಪದವನ್ನು ಒಬ್ಬರ ಸ್ವತ್ತು ಮಾಡಿಕೊಡೋದಕ್ಕೆ ಟ್ರೇಡ್‌ಮಾರ್ಕ್ ಕಾನೂನು ಸುಲಭಕ್ಕೆ ಒಪ್ಪುವುದಿಲ್ಲ. ಶುದ್ಧ ಅಂತ ಯಾರು ಬೇಕಾದರೂ ಹೇಳಿಕೊಳ್ಳಬಹುದಲ್ವಾ? ಟ್ರೇಡ್‌ಮಾರ್ಕಿನ ಸರಕು ಪಟ್ಟಿಯಲ್ಲಿ ಸೋಪು 3ನೇ ವರ್ಗದಲ್ಲಿ ಬರುತ್ತದೆ. ಚಿಕ್ಕಮ್ಮನ ಹೆಸರಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ 4,500 ರೂಪಾಯಿ. ಹೆಸರು ಸಿಗದಿದ್ದರೆ ಆ ದುಡ್ಡು ವಾಪಸ್ ಬರೋದಿಲ್ಲ.

ಚಿಕ್ಕಪ್ಪ: 4,500 ಅಂದರೆ ಎಷ್ಟು ಸೋಪು?

ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಿಜವಾಗಿ ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು.

ಇಷ್ಟು ಹೊತ್ತೂ ಸೋಪು ಮಾಡುವವರ ಸುಳಿವಿಲ್ಲ. ಹನ್ನೊಂದೂವರೆಗೆ ಚಿಕ್ಕಮ್ಮನ ವಾಯ್ಸ್ ಮೆಸೇಜ್ ಬಂತು. ಎರಡು ನಿಮಿಷ ನಲವತ್ತು ಸೆಕೆಂಡ್. ಹಿಂದೆ ಕೋಳಿ ಕೂಗು, ಸ್ಟೀಲ್ ಪಾತ್ರೆ ಸದ್ದು. ಕೇಳಿ ಬರೆದುಕೊಂಡಿದ್ದೇನೆ:

"ಕೈಗೆ ಗ್ಲೌಸ್ ಹಾಕಿಕೊಂಡಿದ್ದೆ, ಅದಕ್ಕೆ ಫೋನ್ ಮುಟ್ಟಲಿಲ್ಲ. ಕಾಸ್ಟಿಕ್ ಸೋಡಾ ಕರಗಿಸುವಾಗ ದೇವರು ಬಂದರೂ ಎದ್ದು ಹೋಗೋ ಹಾಗಿಲ್ಲ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಹಾಕಬಾರದು, ಉಕ್ಕಿ ಮುಖಕ್ಕೆ ಬರುತ್ತದೆ. ಇವತ್ತಿಂದು ಒಂದು ಕೆಜಿ ಎಣ್ಣೆಯ ಲೆಕ್ಕ. ತೆಂಗಿನೆಣ್ಣೆ, ಅಕ್ಕಿ ತೌಡಿನ ಎಣ್ಣೆ, ಸ್ವಲ್ಪ ಹರಳೆಣ್ಣೆ, ನೂರೈವತ್ತು ಗ್ರಾಂ ಮುರುಗಲು ತುಪ್ಪ, ಅದೇ ಕೋಕಂ ಬೀಜದ್ದು. ಅದಕ್ಕೆ ಸುಮಾರು 145 ಗ್ರಾಂ ಸೋಡಾ. ಹೆಸರು ನೀವು ಏನಾದರೂ ಇಡಿ. ಆದರೆ ಎರಡು ಮಾತು. ಲೇಬಲ್ ಮೇಲೆ ನಮ್ಮ ಪೂರ್ತಿ ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತೂಕ, ತಾರೀಕು, ರೇಟು ಎಲ್ಲ ಬರೆಯಬೇಕು. ಹೆಸರಿಗೆ ಉಳಿಯೋದು ಎರಡು ಬೆರಳಷ್ಟು ಜಾಗ. ಇನ್ನೊಂದು, ಸೋಪಿನ ಮೇಲೂ ಹೆಸರು ಒತ್ತಬೇಕು. ಒತ್ತಕ್ಷರ ಇದ್ದರೆ ಕೂರುವುದಿಲ್ಲ. ಹೋದ ಸಲ ಪುಟ್ಟಿ ಯಾವುದೋ ಅಚ್ಚು ತಂದಿದ್ದಳು. ಕೆಳಗಿನ ಒತ್ತು ಅಚ್ಚಿಗೇ ಅಂಟಿಕೊಂಡು ಕಿತ್ತು ಬರುತ್ತಿತ್ತು, ಇಲಿ ಕಡಿದ ಹಾಗೆ ಕಾಣುತ್ತಿತ್ತು. ಒತ್ತಿಲ್ಲದ ಹೆಸರು ಹುಡುಕಿ."

ಎಂಥಾ ಮಾತು ನೋಡಿ. ಒಂದೇ ಏಟಿಗೆ ಸಹ್ಯಾದ್ರಿ ಹೋಯಿತು, ಶುದ್ಧ ಹೋಯಿತು, ದೊಡ್ಡಪ್ಪ ಎರಡನೇ ಸಲಕ್ಕೆ ಇಟ್ಟುಕೊಂಡಿದ್ದ 'ಅಭ್ಯಂಜನ'ವೂ ಹೋಯಿತು. ಬ್ರ್ಯಾಂಡಿನ ಬಗ್ಗೆ ನಾನು ಎಷ್ಟೋ ವಿಡಿಯೋ ನೋಡಿದ್ದೇನೆ. ಒತ್ತಕ್ಷರದ ವಿಷಯ ಯಾರೂ ಹೇಳಿರಲಿಲ್ಲ.

ಆಮೇಲೆ ಶುರುವಾಯಿತು ಒತ್ತಿಲ್ಲದ ಪದಗಳ ಮಳೆ. ಲಾವಂಚ, ಮರುಗ, ದವನ, ಸಂಪಿಗೆ, ಸುರಗಿ. ಅಣ್ಣ 'ಮಲೆನಾಡು' ಅಂದ. ಭಾವ 'ಊರು, ಸೀಮೆಯ ಹೆಸರು ಬೇಡ' ಅಂದರು. ನಾನೂ ಒಂದು ಹೇಳಿದೆ.

ನಾನು: ನೊರೆ. ಎರಡೇ ಅಕ್ಷರ. ಚೆನ್ನಾಗಿಲ್ವಾ?

ಅತ್ತೆ: ಹುಚ್ಚುನಾಯಿ ಬಾಯಲ್ಲೂ ಬರುತ್ತದೆ.

ಪುಟ್ಟಿ: ನನಗೆ ಇಷ್ಟ. ಆದರೆ ಬೆಂಗಳೂರಿನ ಬೋರ್‌ವೆಲ್ ನೀರಲ್ಲಿ ಅಮ್ಮನ ಸೋಪು ನೊರೆಯೇ ಬರೋದಿಲ್ಲ ಅಂತ ನಮ್ಮ ಅಪಾರ್ಟ್‌ಮೆಂಟಿನ ಮೂರು ಜನ ಹೇಳಿದ್ದಾರೆ. ಗಡಸು ನೀರು. ಹೆಸರೇ ನೊರೆ ಅಂತಿಟ್ಟರೆ ಮನೆಗೆ ಬಂದು ಜಗಳ ಆಡುತ್ತಾರೆ.

ನಾನು: ಹಾಗಾದರೆ ಮುರುಗಲು?

ಭಾವ: ಮತ್ತೆ ಅದೇ ಕಥೆ. ಒಳಗೆ ಹಾಕುವ ಸಾಮಾನಿನ ಹೆಸರು.

ಚಿಕ್ಕಪ್ಪ: ಜನ ಶರಬತ್ತು ಅಂದುಕೊಳ್ಳುತ್ತಾರೆ.

ನಾನು: ಮಾರ್ಗೋ ಅನ್ನೋದೂ ಮಾರ್ಗೋಸಾದಿಂದ ಬಂದಿದ್ದಲ್ವಾ ಭಾವ? ಹಾಗಂದರೆ ಬೇವೇ. ಅದು ನಡೆಯುತ್ತದೆ, ಇದು ನಡೆಯೋದಿಲ್ಲವಾ?

ಭಾವ: ಅವರು ಪದವನ್ನು ಮುರಿದು ಹೊಸದು ಮಾಡಿದರು. ನೀನೂ ಮುರಿ.

ಮುರುಗಲನ್ನು ಮುರಿದರೆ 'ಮುರು' ಉಳಿಯುತ್ತದೆ. ಮುರುಕಲು ಅಂತ ಕೇಳಿಸುತ್ತದೆ. ಬಿಟ್ಟೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ನಿದ್ದೆ ಆಯಿತು. ಹುಬ್ಬಳ್ಳಿಯಲ್ಲಿರುವ ಅತ್ತಿಗೆ ಅಷ್ಟೂ ಓದಿ, 'ನಮ್ಮ ಕಡೆ ಹೆಸರಿಡೋದು ಅಂದರೆ ಕೊಂಕು ತೆಗೆಯೋದು ಅಂತಲೂ ಅರ್ಥ. ನೀವು ಬೆಳಿಗ್ಗೆಯಿಂದ ಅದನ್ನೇ ಮಾಡುತ್ತಿದ್ದೀರಿ' ಅಂತ ಬರೆದು ಹೋದರು. ನಾಲ್ಕು ಗಂಟೆಗೆ ನಮ್ಮ ಅಪ್ಪ ಬಂದರು. ಶುಭೋದಯ ಬಿಟ್ಟು ಅವರು ಏನನ್ನಾದರೂ ಬರೆದದ್ದು ನಾನು ಕಂಡಿಲ್ಲ.

ಅಪ್ಪ: ಹಂಡೆ

ಅಷ್ಟೇ. ಚುಕ್ಕೆಯೂ ಇಲ್ಲ.

ನಾನು ಆ ಪದ ನೋಡುತ್ತ ಕೂತೆ. ಹಳೇ ಮನೆ ಬಚ್ಚಲಮನೆಯ ಕತ್ತಲೆ, ಒಲೆಯಲ್ಲಿ ಅಡಿಕೆ ಹಾಳೆ ಉರಿಯುವ ಚಟಚಟ, ಹೊಗೆ ಹತ್ತಿ ಕಣ್ಣಲ್ಲಿ ನೀರು. ನೀರು ತುಂಬುವ ಹಬ್ಬದ ಸಂಜೆ ಅಜ್ಜಿ ಹುಣಸೆಹಣ್ಣು ಹಾಕಿ ಹಂಡೆ ಬೆಳಗಿ, ಕುತ್ತಿಗೆಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಬಿಳಿ ಶೇಡಿಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದಳು. ಆ ದಿನ ಮಾತ್ರ ಅದು ತಾಮ್ರದ್ದು ಅಂತ ಗೊತ್ತಾಗುತ್ತಿತ್ತು. ಉಳಿದ ದಿನ ಬರೀ ಮಸಿ.

ಪುಟ್ಟಿ: ದೊಡ್ಡಪ್ಪಾ!!! ಇದೇ ಇದೇ ಇದೇ.

(ನಮ್ಮಪ್ಪನೂ ಪುಟ್ಟಿಗೆ ದೊಡ್ಡಪ್ಪನೇ. ಮೈಸೂರಿನ ದೊಡ್ಡಪ್ಪ ತನ್ನನ್ನೇ ಕರೆದದ್ದು ಅಂದುಕೊಂಡು 'ಏನು?' ಅಂದರು.)

ಅತ್ತೆ: ಒತ್ತಿಲ್ಲ. ಒಂದು ಸೊನ್ನೆ. ಚೆನ್ನಾಗಿದೆ ಕಣೋ.

ಅಣ್ಣ (ಡಲ್ಲಾಸ್): ಇಂಗ್ಲಿಷಲ್ಲಿ ಬರೆದರೆ ಹ್ಯಾಂಡ್ ಅಂತ ಓದುತ್ತಾರೆ.

ಅತ್ತೆ: ಕೈ ತೊಳೆದುಕೊಳ್ಳಲಿ ಬಿಡು.

ಭಾವ: ಇದು ಒಳ್ಳೆಯ ಆಯ್ಕೆ. ಹಂಡೆ ಅನ್ನೋದು ಸೋಪಿನ ಗುಣ ಹೇಳುವುದಿಲ್ಲ, ಸ್ನಾನ ಮಾತ್ರ ನೆನಪಿಸುತ್ತದೆ. ಪಾತ್ರೆ ಅಂಗಡಿಯವರು ತಮ್ಮ ಸರಕಿಗೆ ಈ ಹೆಸರು ಬೇಕು ಅಂದರೆ ಸಿಗೋದು ಕಷ್ಟ, ಸೋಪಿನವರಿಗೆ ಅಡ್ಡಿಯಿಲ್ಲ. 3ನೇ ವರ್ಗದಲ್ಲಿ ಯಾರಾದರೂ ತೆಗೆದುಕೊಂಡಿದ್ದಾರಾ ಅಂತ ನೋಡಿ ಹೇಳುತ್ತೇನೆ. ಅಲ್ಲಿವರೆಗೆ ಪ್ರಿಂಟ್ ಬೇಡ ಪುಟ್ಟಿ.

ಪುಟ್ಟಿ: ಅಷ್ಟರಲ್ಲಿ ಚಿತ್ರ ಬರೆಯುತ್ತೇನೆ. ಅಪ್ಪಾ, ನಮ್ಮ ಹಂಡೆಯ ಒಂದು ಫೋಟೋ ಹಾಕು.

ಚಿಕ್ಕಪ್ಪ: ಹಂಡೆ ಇಲ್ಲಿಲ್ಲ. ಈಗ ಇರೋದು ಸೋಲಾರ್. ಹಂಡೆ ಅಣ್ಣನ ಹತ್ತಿರ ಇದೆ.

ಬೆಳಿಗ್ಗೆಯಿಂದ ನಡೆದದ್ದು ಚರ್ಚೆ. ಜಗಳ ಈಗ ಶುರುವಾಯಿತು.

ಅತ್ತೆ: ಹೌದಲ್ಲ. ಆ ಹಂಡೆ ಮೈಸೂರಿಗೆ ಹೇಗೆ ಹೋಯಿತು ಅಂತ ನಾನು ಇವತ್ತಿನವರೆಗೂ ಕೇಳಿಲ್ಲ.

ದೊಡ್ಡಪ್ಪ: ಪಾಲಾದಾಗ ಯಾರಿಗೆ ಬೇಕು ಅಂತ ಕೇಳಿದ್ದೆ. ಯಾರೂ ಮಾತಾಡಲಿಲ್ಲ.

ಅತ್ತೆ: ನನ್ನನ್ನು ಯಾರು ಕೇಳಿದರು? ನಾನು ಬರುವ ಹೊತ್ತಿಗೆ ಗೋಣಿಚೀಲದಲ್ಲಿ ಸುತ್ತಿ ಲಗೇಜ್ ಗಾಡಿಗೆ ಹಾಕಿ ಆಗಿತ್ತು. ಅದರ ಎಡಗಡೆ ನೆಗ್ಗು ಇದೆ ನೋಡು, ಅದು ನಾನು ಏಳು ವರ್ಷದವಳಿದ್ದಾಗ ಒನಕೆ ಬೀಳಿಸಿ ಆಗಿದ್ದು. ಅದಕ್ಕೆ ಪೆಟ್ಟು ತಿಂದವಳು ನಾನು.

ದೊಡ್ಡಪ್ಪ: (ಇಲ್ಲಿ ಇದ್ದದ್ದೇ ಅವರು ತೆಗೆಸಿದ ಎರಡು ಸಾಲು.)

ದೊಡ್ಡಪ್ಪ ಗುಂಪು ಬಿಟ್ಟರು. ಹಾಗಂತ ಬೂದು ಅಕ್ಷರದಲ್ಲಿ ಒಂದು ಸಾಲು ಬಂತು. ಐದು ನಿಮಿಷಕ್ಕೆ ಅಪ್ಪ ಅವರನ್ನು ವಾಪಸ್ ಸೇರಿಸಿದರು. ಮತ್ತೆ ಬಿಟ್ಟರು. ಮತ್ತೆ ಸೇರಿಸಿದರು. ಅಪ್ಪ ಮಧ್ಯದಲ್ಲಿ ಒಂದು ಮಾತೂ ಬರೆಯಲಿಲ್ಲ.

ಎಂಟು ಗಂಟೆಗೆ ಚಿಕ್ಕಮ್ಮ ತಾವೇ ಟೈಪ್ ಮಾಡಿದರು.

ಚಿಕ್ಕಮ್ಮ: ಭಾವ, ಹಂಡೆ ನಿಮ್ಮಲ್ಲೇ ಇರಲಿ. ನನಗೆ ಬೇಡ. ತಾಮ್ರದ ಪಾತ್ರೆಯಲ್ಲಿ ಸೋಪು ಮಾಡೋಕೂ ಬರೋದಿಲ್ಲ, ಸ್ಟೀಲೇ ಆಗಬೇಕು. ಒಂದು ಫೋಟೋ ಸಾಕು.

ಚಿಕ್ಕಮ್ಮ: ಇವತ್ತು ಅಚ್ಚಿಗೆ ಹೊಯ್ದದ್ದನ್ನು ನಾಳೆ ಕೊಯ್ಯುತ್ತೇನೆ. ಆರು ವಾರ ಅಟ್ಟದ ಮೇಲೆ ಒಣಗಬೇಕು. ಮಳೆ ಹಿಡಿದರೆ ಸೋಪು ಬೆವರುತ್ತದೆ, ಇನ್ನೂ ತಡ. ಅವಸರ ಇಲ್ಲ.

ಹತ್ತಕ್ಕೆ ಐದು ನಿಮಿಷ ಇರುವಾಗ ಮೈಸೂರಿನಿಂದ ಫೋಟೋ ಬಂತು. ಹಾಲಿನ ಮೂಲೆಯಲ್ಲಿ, ಟಿವಿ ಪಕ್ಕ, ಫಳಫಳ ಹೊಳೆಯುವ ಹಂಡೆ. ಒಳಗಿನಿಂದ ಮನಿಪ್ಲಾಂಟ್ ಎದ್ದು ಕಿಟಕಿ ಸರಳಿಗೆ ಹಬ್ಬಿದೆ.

ಅತ್ತೆ: ಮಸಿ ಎಲ್ಲಿ ಹೋಯಿತು?

ದೊಡ್ಡಪ್ಪ: ನಿಮ್ಮ ಅತ್ತಿಗೆ ಪಾಲಿಶ್ ಮಾಡಿಸಿದಳು.

ಅತ್ತೆ: ನೆಗ್ಗು?

ದೊಡ್ಡಪ್ಪ: ಇದೆ. ಗೋಡೆ ಕಡೆ ತಿರುಗಿಸಿದ್ದೇವೆ.

ಚಿಕ್ಕಮ್ಮ: ಭಾವ, ಗಿಡ ತೆಗೆದು ಇನ್ನೊಂದು ಫೋಟೋ ಹಾಕಿ. ನೆಗ್ಗು ಕಾಣುವ ಹಾಗೆ.